ಕರಗುವುದೇ ಅದರ ಕೆಲಸ

ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಲ್ಲಿ ಬಲೆಗಳಿಗೆ ರಜೆ. ನಮ್ಮಂಥ ರಿಪೇರಿಯವರಿಗೆ ಮಾತ್ರ ಊಟಕ್ಕೂ ಪುರುಸೊತ್ತಿಲ್ಲ. ಉಕ್ಕಿನ ಬೋಟುಗಳನ್ನು ಒಂದೊಂದಾಗಿ ದಡಕ್ಕೆ ಎಳೆದು ದಿಮ್ಮಿಗಳ ಮೇಲೆ ಕೂರಿಸಿದಾಗ, ಹತ್ತು ತಿಂಗಳಿನಿಂದ ನೀರೊಳಗೇ ಇದ್ದ ಅಡಿಭಾಗ ಕಣ್ಣಿಗೆ ಬೀಳುತ್ತದೆ. ಬೋಟಿನವರು ಮೊದಲು ಪ್ರೊಪೆಲ್ಲರ್ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಅದರ ಆಚೀಚೆ, ಚುಕ್ಕಾಣಿಯ ಎರಡೂ ಮಗ್ಗುಲಿಗೆ, ಹಿಂಬದಿಯ ಪ್ಲೇಟಿಗೆ ವೆಲ್ಡ್ ಮಾಡಿರುವ ಬೂದು ಬಣ್ಣದ ಗಟ್ಟಿಗಳ ಕಡೆಗೆ. ಅವು ಸತುವಿನ ಗಟ್ಟಿಗಳು. ಅಂಗಡಿಯ ಬಿಲ್ಲಿನಲ್ಲಿ ‘ಜಿಂಕ್ ಆನೋಡ್’, ಬಂದರಿನ ಬಾಯಲ್ಲಿ ಬರೀ ‘ಜಿಂಕ್’.

ಕಳೆದ ಮಳೆಗಾಲದಲ್ಲಿ ಒಬ್ಬ ಮಾಲೀಕರು ತಮ್ಮ ಬೋಟಿನ ಜಿಂಕ್ ತೋರಿಸಿ ಬೇಸರ ಮಾಡಿಕೊಂಡರು. “ಇದು ಎಂತ ಮಾರಾಯ್ರೆ, ಒಂದೇ ವರ್ಷಕ್ಕೆ ಅರ್ಧ ಕರಗಿ ಹೋಯ್ತು! ಅಂಗಡಿಯವ ಮೋಸ ಮಾಡಿದ.” ಪಕ್ಕದ ಬೋಟಿನ ಜಿಂಕ್ ಹಾಕಿದ ದಿನದ ಹಾಗೆಯೇ ಇತ್ತು, ಅಂಚು ಕೂಡ ಸವೆದಿರಲಿಲ್ಲ. “ನೋಡಿ, ಅದು ಮಾಲು!” ಎಂದರು. ನಾನು ಹೇಳಿದೆ: “ಅಣ್ಣ, ನಿಮ್ಮದು ಕರಗಿದ್ದು ಒಳ್ಳೇದೇ ಆಯ್ತು. ಹೆದರಬೇಕಾದ್ದು ಆಚೆ ಬೋಟಿನವರು.” ಅವರು ನಂಬಲಿಲ್ಲ. ಪಕ್ಕದ ಬೋಟಿನ ಹಿಂಬದಿಯ ಪೇಂಟನ್ನು ಸುತ್ತಿಗೆಯ ಮೊನೆಯಿಂದ ಕೆರೆದು ತೋರಿಸಿದೆ. ಪ್ಲೇಟಿನ ಮೇಲೆ ಬೆರಳ ತುದಿ ಕೂರುವಷ್ಟು ಆಳದ ಗುಂಡಿಗಳಿದ್ದವು.

ಈ ಒಂದು ವಿಷಯವನ್ನು ಕರಾವಳಿಯ ಪ್ರತಿಯೊಬ್ಬ ಬೋಟಿನವರಿಗೂ ಮುಟ್ಟಿಸಬೇಕು ಎಂಬುದು ನನ್ನ ಬಹುಕಾಲದ ಆಸೆ. ಸಮುದ್ರದ ಸಹವಾಸವೇ ಇಲ್ಲದವರಿಗೂ ಇದರಲ್ಲಿ ತಿಳಿಯಬೇಕಾದ ಸಂಗತಿ ಇದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಉಕ್ಕಿಗೆ ತುಕ್ಕು ಹಿಡಿಯುವುದು ವಿದ್ಯುತ್ತಿನ ವ್ಯವಹಾರ. ಕಬ್ಬಿಣದ ಪರಮಾಣು ತನ್ನ ಎರಡು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ಆ ಇಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಜಾಗಕ್ಕೆ ಹೋಗಿ, ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ಸೇರುತ್ತವೆ. ಲೋಹ ನೀರಿಗಿಳಿಯುವ ಜಾಗಕ್ಕೆ ಆನೋಡ್ ಎಂದೂ ಇಲೆಕ್ಟ್ರಾನು ಖರ್ಚಾಗುವ ಜಾಗಕ್ಕೆ ಕ್ಯಾಥೋಡ್ ಎಂದೂ ಹೆಸರು. ಸವೆಯುವುದು ಆನೋಡ್ ಮಾತ್ರ. ಕ್ಯಾಥೋಡಿಗೆ ಏನೂ ಆಗುವುದಿಲ್ಲ. ಈ ಸುತ್ತು ಪೂರ್ಣಗೊಳ್ಳಲು ನೀರಿನಲ್ಲಿ ವಿದ್ಯುತ್ ಹರಿಯಬೇಕು. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುವುದರಿಂದ ಅಲ್ಲಿ ಅದು ಬಾವಿ ನೀರಿಗಿಂತ ಎಷ್ಟೋ ಪಾಲು ಸಲೀಸಾಗಿ ಹರಿಯುತ್ತದೆ.

ಬೋಟಿನಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಬೇರೆ ಬೇರೆ ಲೋಹಗಳ ಒಡನಾಟದ್ದು. ಮೈ ಉಕ್ಕಿನದು, ಪ್ರೊಪೆಲ್ಲರ್ ಕಂಚಿನ ಜಾತಿಯದು, ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲಿನದು. ಎಲ್ಲವೂ ಒಂದಕ್ಕೊಂದು ತಾಗಿಕೊಂಡು ಒಂದೇ ಉಪ್ಪುನೀರಿನಲ್ಲಿವೆ. ಇಲೆಕ್ಟ್ರಾನು ಬಿಟ್ಟುಕೊಡುವ ಆತುರ ಎಲ್ಲ ಲೋಹಗಳಿಗೂ ಒಂದೇ ಅಲ್ಲ. ಬೆಳ್ಳಿ ಕ್ಲೋರೈಡಿನ ಅಳತೆಕಡ್ಡಿಯನ್ನು ಕಡಲ ನೀರಿಗಿಳಿಸಿ ಮಲ್ಟಿಮೀಟರಿನಿಂದ ಅಳೆದರೆ ಕಂಚು ಸುಮಾರು ಮೈನಸ್ 0.25 ವೋಲ್ಟ್, ಸಾದಾ ಉಕ್ಕು ಮೈನಸ್ 0.6ರ ಆಸುಪಾಸು, ಸತು ಮೈನಸ್ 1.03 ತೋರಿಸುತ್ತವೆ. ಎತ್ತರದ ಗದ್ದೆಯಿಂದ ತಗ್ಗಿನ ಗದ್ದೆಗೆ ನೀರು ಇಳಿಯುವಂತೆ, ಮೈನಸ್ ಹೆಚ್ಚಿರುವ ಲೋಹದಿಂದ ಕಡಿಮೆ ಇರುವ ಲೋಹಕ್ಕೆ ಇಲೆಕ್ಟ್ರಾನು ಇಳಿಯುತ್ತದೆ. ಉಕ್ಕು ಮತ್ತು ಕಂಚು ಮಾತ್ರ ಇದ್ದರೆ ಉಕ್ಕು ಕೊಡುತ್ತದೆ, ಸವೆಯುತ್ತದೆ. ಪ್ರೊಪೆಲ್ಲರಿನ ಸುತ್ತಮುತ್ತಲ ಪ್ಲೇಟೇ ಮೊದಲು ತೂತಾಗುವುದು ಇದರಿಂದ. ಅದೇ ಉಕ್ಕಿಗೆ ಸತುವನ್ನು ತಾಗಿಸಿದರೆ ಕೊಡುವ ಸರದಿ ಸತುವಿನದು. ಅದು ಕೊಡುತ್ತಾ ಹೋದಷ್ಟೂ ಉಕ್ಕು ಕ್ಯಾಥೋಡ್ ಆಗಿಯೇ ಉಳಿಯುತ್ತದೆ. ಉಕ್ಕಿನ ಅಳತೆ ಮೈನಸ್ 0.8 ವೋಲ್ಟಿಗೆ ಇಳಿದರೆ ಅದಕ್ಕೆ ರಕ್ಷಣೆ ಸಿಕ್ಕಿದೆ ಎಂದು ನಮ್ಮ ಕೆಲಸದಲ್ಲಿ ಎಣಿಸುತ್ತೇವೆ.

ಇದನ್ನು ಮೊದಲು ಲೆಕ್ಕ ಹಾಕಿ ಮಾಡಿ ತೋರಿಸಿದವರು ಇಂಗ್ಲೆಂಡಿನ ಹಂಫ್ರಿ ಡೇವಿ. ಆ ಕಥೆಯಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಒಂದು ಪಾಲಿದೆ.

ಆಗಿನ ಯುದ್ಧನೌಕೆಗಳು ಮರದವು. ಮರ ಕೊರೆಯುವ ಕಡಲ ಹುಳುವಿನ ಕಾಟ ತಡೆಯಲು ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ಅಡಿಗೆ ತಾಮ್ರದ ತಗಡು ಹೊದಿಸಿತು. ವೆಸ್ಟ್ ಇಂಡೀಸಿಗೆ ಹೋಗಿಬಂದ ಹಡಗನ್ನು ಪರೀಕ್ಷಿಸಿದಾಗ ಕೆಲವೆಡೆ ತಗಡು ಕಳಚಿಹೋಗಿತ್ತು. ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದ ಆಕಸ್ಮಿಕವಾಗಿ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದುಕೊಂಡ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು. ಎರಡು ಲೋಹಗಳ ನಡುವೆ ಒಂದು ಹಾಳೆ ಕಾಗದ ಅಡ್ಡ ನಿಂತದ್ದಕ್ಕೇ ಅಷ್ಟು ವ್ಯತ್ಯಾಸ. ವೋಲ್ಟಾ ಬ್ಯಾಟರಿ ಮಾಡುವುದಕ್ಕೆ ಆಗ ಇನ್ನೂ ಸುಮಾರು 40 ವರ್ಷ ಬಾಕಿ ಇದ್ದುದರಿಂದ ಕಾರಣ ವಿವರಿಸುವ ವಿದ್ಯೆ ಯಾರಲ್ಲೂ ಇರಲಿಲ್ಲ. ಆದರೂ ಕಣ್ಣಿಗೆ ಬಿದ್ದದ್ದನ್ನು ಅಧಿಕಾರಿಗಳು ಬರೆದಿಟ್ಟರಲ್ಲ, ಅದಕ್ಕೆ ನನಗೆ ತುಂಬ ಗೌರವವಿದೆ.

ತಾಮ್ರವೂ ಉಪ್ಪುನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ಅದನ್ನು ತಡೆಯಲು ದಾರಿ ಹುಡುಕಿಕೊಡಿ ಎಂದು ನೌಕಾಪಡೆ ಕೇಳಿಕೊಂಡಾಗ ಡೇವಿ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಪ್ರಯೋಗಗಳಿಗೆ ಮೈಕೆಲ್ ಫ್ಯಾರಡೆ ನೆರವಾದರು. 1824ರ ಜನವರಿಯಲ್ಲಿ ಡೇವಿ ಸೊಸೈಟಿಯ ಮುಂದೆ ಓದಿದ ಪ್ರಬಂಧದ ಸಾರ ಇಷ್ಟು: ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ಚಿಕ್ಕದೊಂದು ತುಂಡನ್ನು ತಾಗಿಸಿದರೆ ಸಾಕು, ದೊಡ್ಡ ತಗಡೂ ಉಳಿಯುತ್ತದೆ. ಮುಂದೆ ನಿಜವಾದ ಹಡಗುಗಳ ಮೇಲೆ ಪರೀಕ್ಷೆ ನಡೆಯಿತು. ಅವುಗಳಲ್ಲಿ ಹೆಸರಾದದ್ದು ‘ಸಮಾರಂಗ್’. ಅದು ಕೊಚ್ಚಿಯಲ್ಲಿ ತೇಗದ ಮರದಿಂದ ಕಟ್ಟಿ 1822ರಲ್ಲಿ ನೀರಿಗಿಳಿಸಿದ, 28 ಫಿರಂಗಿಗಳ ಹಡಗು. ಅದಕ್ಕೆ ಎರಕದ ಕಬ್ಬಿಣದ ತುಂಡುಗಳನ್ನು ಜೋಡಿಸಿ ನೋವಾ ಸ್ಕೋಷಿಯಾಕ್ಕೆ ಕಳಿಸಿದರು. ಹಿಂದಿರುಗಿದಾಗ ತಾಮ್ರ ಚೆನ್ನಾಗಿತ್ತು.

ಆದರೂ ಯೋಜನೆ ಬಿದ್ದುಹೋಯಿತು. ತಾಮ್ರ ಹಡಗನ್ನು ಕಾಯುತ್ತಿದ್ದದ್ದು ಎರಡು ಬಗೆಯಲ್ಲಿ: ಹುಳು ಒಳಹೊಗದಂತೆ ತಡೆಗೋಡೆಯಾಗಿ, ಮತ್ತು ನಿಧಾನವಾಗಿ ಕರಗುತ್ತಾ ತನ್ನ ವಿಷದಿಂದ ಪಾಚಿ, ಚಿಪ್ಪುಜೀವಿಗಳು ಅಂಟದಂತೆ. ಕರಗುವುದನ್ನೇ ನಿಲ್ಲಿಸಿದ ಮೇಲೆ ಎರಡನೆಯ ಕಾವಲು ಇಲ್ಲವಾಯಿತು. ಬೇರೆ ಹಡಗುಗಳ ಅಡಿಯಲ್ಲಿ ಬಾರ್ನಕಲ್, ಪಾಚಿ ಬೆಳೆದು ವೇಗ ಕುಗ್ಗಿತು. ಸಮುದ್ರಕ್ಕೆ ಹೋಗುವ ಹಡಗುಗಳಿಂದ ಈ ತುಂಡುಗಳನ್ನು ತೆಗೆಯುವಂತೆ 1825ರಲ್ಲೇ ಆದೇಶ ಬಂತು. ಡೇವಿ ಇದರಿಂದ ಬಹಳ ನೊಂದರು. ಅವರ ವಿಜ್ಞಾನದಲ್ಲಿ ತಪ್ಪಿರಲಿಲ್ಲ. ಅದಕ್ಕೆ ಸರಿಹೊಂದುವ ಹಡಗು ಆಗ ಇನ್ನೂ ಹುಟ್ಟಿರಲಿಲ್ಲ, ಅಷ್ಟೆ. ಮುಂದೆ ಉಕ್ಕಿನ ಹಡಗುಗಳು ಬಂದವು. ಪಾಚಿ ತಡೆಯುವ ಕೆಲಸ ಪೇಂಟಿನ ಪಾಲಾಯಿತು, ತುಕ್ಕು ತಡೆಯುವ ಕೆಲಸಕ್ಕೆ ಸತು ಮರಳಿ ಬಂತು.

ಮರಳಿ ಬಂದ ಸತುವಿಗೂ ಒಂದು ಕಾಯಿಲೆ ಇತ್ತು. ಹಾಕಿದ ಸ್ವಲ್ಪ ಸಮಯಕ್ಕೆ ಅದರ ಮೇಲೆ ಗಟ್ಟಿ ಪೊರೆ ಕಟ್ಟಿ ಕೆಲಸ ನಿಂತುಬಿಡುತ್ತಿತ್ತು. ಕಾರಣ ಸತುವಿನಲ್ಲಿ ಬೆರೆತ ಅತ್ಯಲ್ಪ ಕಬ್ಬಿಣ. ಇಂದು ಒಳ್ಳೆಯ ಆನೋಡಿನಲ್ಲಿ ಕಬ್ಬಿಣ ಶೇಕಡಾ 0.005ಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ ಇದೆ. ಅಂದರೆ ಒಂದು ಲಕ್ಷ ಪಾಲಿನಲ್ಲಿ ಐದು ಪಾಲು. ಜೊತೆಗೆ ಚೂರು ಅಲ್ಯುಮಿನಿಯಂ, ಇನ್ನೂ ಕಡಿಮೆ ಕ್ಯಾಡ್ಮಿಯಂ ಬೆರೆಸುತ್ತಾರೆ. ಆಗ ಸತು ಒಂದೇ ಸಮನೆ ಕರಗುತ್ತದೆ, ಮೇಲೆ ಕಟ್ಟುವ ಪುಡಿ ತಾನೇ ಉದುರುತ್ತದೆ.

ಹಳೆಯ ಸತುವಿನ ಗುಜರಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ದು ಕಡಿಮೆ ದರಕ್ಕೆ ಮಾರುವ ಗಟ್ಟಿಗಳ ಬಗ್ಗೆ ನನಗೆ ಕೋಪ ಬರುವುದು ಇದೇ ಕಾರಣಕ್ಕೆ. ಕರಗಿದ ಸತು ಆ ಬಾಣಲೆಯ ಕಬ್ಬಿಣವನ್ನೇ ಹೀರಿಕೊಳ್ಳುತ್ತದೆ. ನೋಡಲು ಅದೇ ಬೂದು ಬಣ್ಣ, ತೂಕವೂ ಅದೇ. ನೀರಿಗೆ ಇಳಿದರೆ ಸುಮ್ಮನೆ ಕೂರುತ್ತದೆ. ವರ್ಷದ ಕೊನೆಗೆ ಅದನ್ನು ಹಾಗೆಯೇ ಕಂಡ ಮಾಲೀಕರು ಒಳ್ಳೆಯ ಮಾಲು ಎಂದು ಮತ್ತೆ ಅದನ್ನೇ ಕೊಳ್ಳುತ್ತಾರೆ. ಸತುವನ್ನು ಅದಿರಿನಿಂದ ಬಟ್ಟಿ ಇಳಿಸಿ ದೊಡ್ಡ ಪ್ರಮಾಣದಲ್ಲಿ ತೆಗೆಯುವ ವಿದ್ಯೆಯನ್ನು ರಾಜಸ್ಥಾನದ ಉದಯಪುರದ ಹತ್ತಿರದ ಜಾವರದಲ್ಲಿ ನಮ್ಮ ಹಿರಿಯರು ಯುರೋಪಿಗಿಂತ ಶತಮಾನಗಳ ಮುಂಚೆಯೇ ನಡೆಸಿದ್ದರು. ಅಂಥ ನಾಡಿನಲ್ಲಿ ಕಲಬೆರಕೆ ಸತುವನ್ನು ನಂಬಿ ಬೋಟು ಕಳೆದುಕೊಳ್ಳುವುದು ನೋವಿನ ವಿಷಯ. ತಯಾರಕರ ಪರೀಕ್ಷಾ ಪತ್ರ ಕೇಳಿ. ಅದನ್ನು ಕೊಡದ ಕಡೆ ಕೊಳ್ಳಬೇಡಿ.

ಎಷ್ಟು ಸತು ಬೇಕು? ಲೆಕ್ಕ ಕಷ್ಟದ್ದಲ್ಲ. ಬೋಟಿನ ಅಡಿಭಾಗ 100 ಚದರ ಮೀಟರ್ ನೀರಿನಲ್ಲಿದೆ ಎನ್ನೋಣ. ಪೇಂಟಿಲ್ಲದ ಬೋಳು ಉಕ್ಕಿಗೆ ಪ್ರತಿ ಚದರ ಮೀಟರಿಗೆ ಸುಮಾರು 100 ಮಿಲಿ ಆಂಪಿಯರ್ ರಕ್ಷಣೆಯ ವಿದ್ಯುತ್ ಬೇಕು. ಪೇಂಟ್ ಚೆನ್ನಾಗಿದ್ದರೆ 10ರಿಂದ 20 ಸಾಕು. 15 ಹಿಡಿದರೆ ಇಡೀ ಬೋಟಿಗೆ 1.5 ಆಂಪಿಯರ್. ವರ್ಷಕ್ಕೆ 8,760 ಗಂಟೆ. ಗುಣಿಸಿದರೆ 13,140 ಆಂಪಿಯರ್-ಗಂಟೆ. ಒಂದು ಕಿಲೋ ಸತು ಕರಗಿ ಕೊಡುವುದು ಸುಮಾರು 780 ಆಂಪಿಯರ್-ಗಂಟೆ. ಹೀಗೆ ವರ್ಷಕ್ಕೆ 17 ಕಿಲೋ ಸತು ಕರಗುತ್ತದೆ. ಆನೋಡನ್ನು ಪೂರ್ತಿ ಕರಗಲು ಬಿಡುವ ಹಾಗಿಲ್ಲವಾದ್ದರಿಂದ ಹಾಕುವಾಗ ಇದಕ್ಕಿಂತ ಸಾಕಷ್ಟು ಹೆಚ್ಚು ಹಾಕಬೇಕು. ಅರ್ಧ ಸವೆದರೆ ಬದಲಿಸುವುದು ವಾಡಿಕೆ. ಗಾತ್ರ ಕುಗ್ಗಿದಂತೆ ಅದು ಹೊರಗೆಡಹುವ ವಿದ್ಯುತ್ತೂ ಕುಗ್ಗುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಒಂದು ಆಂಪಿಯರ್ ವಿದ್ಯುತ್ ಉಕ್ಕಿನಿಂದ ವರ್ಷವಿಡೀ ಹೊರಗೆ ಹರಿದರೆ 9 ಕಿಲೋ ಕಬ್ಬಿಣ ನೀರುಪಾಲು. ಅದು ಇಡೀ ಮೈಯಿಂದ ಸಮನಾಗಿ ಹೋದರೆ ಗೊತ್ತೂ ಆಗಲಿಕ್ಕಿಲ್ಲ. ಆದರೆ ಅದು ಹೋಗುವುದು ಪೇಂಟ್ ಎದ್ದ ಜಾಗಗಳಿಂದ, ವೆಲ್ಡಿಂಗ್ ಗೆರೆಯ ಪಕ್ಕದಿಂದ, ಪ್ರೊಪೆಲ್ಲರಿನ ಬುಡದಿಂದ. ಐದಾರು ಮಿಲಿಮೀಟರಿನ ಪ್ಲೇಟಿಗೆ ತೂತು ಬೀಳಲು ಎಷ್ಟೋ ಕಿಲೋ ಹೋಗಬೇಕಿಲ್ಲ, ಒಂದು ನಾಣ್ಯದಷ್ಟು ಜಾಗದಲ್ಲಿ ಕೆಲವು ಗ್ರಾಂ ಹೋದರೆ ಸಾಕು. ಕರೆ ಬಿಟ್ಟು ಬಹಳ ದೂರ ಹೋದ ಬೋಟಿನ ತಳದಲ್ಲಿ ರಾತ್ರಿ ನೀರು ಏರತೊಡಗಿದರೆ ಬೋಟು ನಡೆಸುವ ತಾಂಡೇಲನ ಮತ್ತು ಹುಡುಗರ ಜೀವ ಪಂಪಿನ ಮೇಲೆ ನಿಂತಿರುತ್ತದೆ. ಕೆಲವು ಕಿಲೋ ಸತುವಿನ ದುಡ್ಡನ್ನು ಉಳಿಸುವ ಮಾತು ಬಂದಾಗಲೆಲ್ಲ ನನಗೆ ಕಾಣುವುದು ಆ ಹುಡುಗರ ಮುಖ.

ಈಗ ನಮ್ಮ ದಡದಲ್ಲಿ ಅತಿ ಹೆಚ್ಚು ಕಾಣುವ ತಪ್ಪಿನ ವಿಷಯ. ಬೋಟಿಗೆ ಪೇಂಟ್ ಹೊಡೆಯುವವರು ಸಂಜೆಯೊಳಗೆ ಕೆಲಸ ಮುಗಿಸುವ ಅವಸರದಲ್ಲಿ ಜಿಂಕಿನ ಮೇಲೂ ರೋಲರ್ ಓಡಿಸಿಬಿಡುತ್ತಾರೆ. ಎಲ್ಲ ಒಂದೇ ಕೆಂಪಾಗಿ ಅಂದವಾಗಿ ಕಾಣುತ್ತದೆ, ಮಾಲೀಕರಿಗೂ ಖುಷಿ. ಸತುವಿಗೆ ನೀರು ತಾಗದಿದ್ದರೆ ಅದು ಕೆಲಸ ಮಾಡುವುದೇ ಇಲ್ಲ. ಮೇಲೆ ಹೇಳಿದ ಪಕ್ಕದ ಬೋಟಿನ ಆ ‘ಹೊಸತರಂತಿದ್ದ’ ಜಿಂಕಿನ ಮೇಲೆ ಎರಡು ಕೋಟು ಪೇಂಟ್ ಇತ್ತು. ಪೇಂಟ್ ಶುರುವಾಗುವ ಮುಂಚೆ ಪ್ರತಿ ಆನೋಡಿಗೂ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿಸುವುದು ನಮ್ಮ ಶೆಡ್ಡಿನ ಕಟ್ಟುನಿಟ್ಟು. ನೀರಿಗೆ ಇಳಿಸುವ ಬೆಳಿಗ್ಗೆ ಆ ಪ್ಲಾಸ್ಟಿಕ್ ಬಿಚ್ಚುವುದು ಅಷ್ಟೇ ಮುಖ್ಯ.

ಇನ್ನೊಂದು ಕಡೆ ತಪ್ಪುವುದು ಜೋಡಣೆಯಲ್ಲಿ. ಸತುವಿನೊಳಗೆ ಉಕ್ಕಿನ ಪಟ್ಟಿಯೊಂದು ಹುದುಗಿರುತ್ತದೆ. ಅದನ್ನು ಪ್ಲೇಟಿಗೆ ವೆಲ್ಡ್ ಮಾಡಬೇಕು, ಇಲ್ಲವೇ ಪೇಂಟು, ತುಕ್ಕು ಎಲ್ಲ ಉಜ್ಜಿ ಹೊಳೆಯುವ ಲೋಹಕ್ಕೆ ಬೋಲ್ಟ್ ಬಿಗಿಯಬೇಕು. ಲೋಹಕ್ಕೆ ಲೋಹ ತಾಗದಿದ್ದರೆ ಇಲೆಕ್ಟ್ರಾನಿಗೆ ದಾರಿ ಇಲ್ಲ. ಹಗ್ಗಕ್ಕೆ ಕಟ್ಟಿ ನೀರಿಗಿಳಿಬಿಟ್ಟ ಸತು ಸುಮ್ಮನೆ ತನ್ನ ಪಾಡಿಗೆ ಸವೆಯುತ್ತದೆ, ಬೋಟಿಗೆ ಏನೂ ಸಿಗದು. ಶಾಫ್ಟಿನದು ಬೇರೆಯೇ ಸಮಸ್ಯೆ. ಅದು ರಬ್ಬರು ಬೇರಿಂಗಿನಲ್ಲಿ, ಗೇರ್‌ಬಾಕ್ಸಿನ ಎಣ್ಣೆಯಲ್ಲಿ ತಿರುಗುವುದರಿಂದ ಮೈಯ ಜೊತೆ ವಿದ್ಯುತ್ ಸಂಪರ್ಕ ಸರಿಯಾಗಿ ಇರುವುದಿಲ್ಲ. ಅದಕ್ಕೆ ಬಳೆಯಂಥ ಬೇರೆ ಆನೋಡನ್ನೇ ಬಿಗಿಯುತ್ತೇವೆ, ಅಥವಾ ಒಳಗಿನಿಂದ ಶಾಫ್ಟಿಗೆ ಉಜ್ಜುವ ಬ್ರಷ್ ಇಡುತ್ತೇವೆ.

ಮರದ ಬೋಟಿನವರು ಇದನ್ನು ಓದಿ ತಮ್ಮ ಬೋಟಿಗೂ ಧಾರಾಳವಾಗಿ ಜಿಂಕ್ ಹಾಕಿಸಬಾರದು. ರಕ್ಷಣೆ ಪಡೆಯುವ ಲೋಹದ ಸುತ್ತ ನೀರು ಕ್ಷಾರವಾಗುತ್ತದೆ. ಉಕ್ಕಿಗೆ ಅದರಿಂದ ಲಾಭವೇ, ಪೇಂಟ್ ಎದ್ದ ಜಾಗದಲ್ಲಿ ಸುಣ್ಣದಂಥ ಬಿಳಿ ಪದರ ಕೂತು ಇನ್ನಷ್ಟು ಕಾಯುತ್ತದೆ. ಮರಕ್ಕೆ ಅದೇ ಕ್ಷಾರ ಶತ್ರು. ಬೋಲ್ಟಿನ ಸುತ್ತಲ ಮರ ಮೆತ್ತಗಾಗಿ ನಾರು ನಾರಾಗುತ್ತದೆ. ಅಲ್ಲಿ ಬೇಕಾದಷ್ಟೇ ಹಾಕಬೇಕು, ತಿಳಿದವರಿಂದ ಹಾಕಿಸಬೇಕು.

ನಮ್ಮ ಬಂದರಿಗೆ ಇನ್ನೂ ಒಂದು ವಿಶೇಷವಿದೆ. ಮಲ್ಪೆ ಬಂದರು ಉದ್ಯಾವರ ಹೊಳೆ ಕಡಲು ಸೇರುವ ಬಾಯಲ್ಲಿದೆ. ಮಂಗಳೂರಿನ ಹಳೆ ಬಂದರು ಇರುವುದು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆಯಲ್ಲಿ. ಮಳೆಗಾಲದಲ್ಲಿ ಇಲ್ಲಿನ ನೀರು ಸಿಹಿಯಾಗುತ್ತದೆ. ಸಿಹಿನೀರಿನಲ್ಲಿ ವಿದ್ಯುತ್ ಕಷ್ಟಪಟ್ಟು ಹರಿಯುತ್ತದೆ, ಸತುವಿನ ಮೇಲೆ ಬಿಳಿ ಹೊಪ್ಪಳ ಕಟ್ಟುತ್ತದೆ, ಮತ್ತೆ ಕಡಲಿಗೆ ಹೋದ ಮೇಲೂ ಅದು ಎಚ್ಚರಗೊಳ್ಳದೆ ಉಳಿಯಬಹುದು. ನಿಷೇಧದ ಕಾಲದಲ್ಲಿ ನೀರಲ್ಲೇ ನಿಂತ ಬೋಟಿನ ಜಿಂಕನ್ನು ಆಗಸ್ಟಿನಲ್ಲಿ ಹೊರಡುವ ಮುಂಚೆ ತಂತಿ ಬ್ರಷ್ಷಿನಿಂದ ಉಜ್ಜಬೇಕು. ಹೊಳೆಬಾಯಲ್ಲೇ ಹೆಚ್ಚು ಕಾಲ ಇರುವ ಬೋಟುಗಳಿಗೆ ಅಲ್ಯುಮಿನಿಯಂ ಮಿಶ್ರಲೋಹದ ಆನೋಡ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಒಂದು ಕಿಲೋಗೆ ಸುಮಾರು 2,500 ಆಂಪಿಯರ್-ಗಂಟೆ ಸಿಗುತ್ತದೆ, ಸತುವಿನ ಮೂರು ಪಾಲು. ಕಡಲ ನಡುವಿನ ತೈಲ ವೇದಿಕೆಗಳ ಕಾಲುಗಳಿಗೆ ಕಟ್ಟುವುದು ಹೆಚ್ಚಾಗಿ ಅದನ್ನೇ. ಪೂರ್ತಿ ಸಿಹಿನೀರಿಗಾದರೆ ಮೆಗ್ನೀಸಿಯಂ.

ನೀರಲ್ಲಿ ತೇಲುವ ಬೋಟಿಗೆ ವೆಲ್ಡಿಂಗ್ ಮಾಡಿಸುವಾಗಲೂ ಎಚ್ಚರ ಬೇಕು. ಯಂತ್ರದ ಅರ್ತಿಂಗನ್ನು ಪಕ್ಕದ ಬೋಟಿಗೋ ಧಕ್ಕೆಯ ಕಬ್ಬಿಣಕ್ಕೋ ಸಿಕ್ಕಿಸಿದರೆ ವಿದ್ಯುತ್ತು ನೀರಿನ ಮೂಲಕ ಮರಳುತ್ತದೆ. ವರ್ಷಗಳಲ್ಲಿ ಆಗುವ ಸವೆತ ಆಗ ಕೆಲವೇ ದಿನಗಳಲ್ಲಿ ಆಗಬಹುದು. ಅರ್ತಿಂಗ್ ಅದೇ ಬೋಟಿಗೆ, ವೆಲ್ಡಿಂಗಿನ ಹತ್ತಿರವೇ ಇರಲಿ.

ಕೆಲಸ ನಡೆಯುತ್ತಿದೆಯೇ ಎಂದು ನೋಡಲು ದೊಡ್ಡ ಉಪಕರಣ ಬೇಕಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಉಜ್ಜಿ ಹೊಳಪಿಸಿದ ಶುದ್ಧ ಸತುವಿನ ಸಣ್ಣ ಸರಳು, ಉದ್ದನೆಯ ವೈರು ಸಾಕು. ಸರಳನ್ನು ಬೋಟಿಗೆ ತಾಗದಂತೆ ಉಪ್ಪುನೀರಿಗೆ ಇಳಿಬಿಟ್ಟು ಒಂದು ವೈರು ಅದಕ್ಕೆ, ಇನ್ನೊಂದು ಬೋಟಿನ ಬೋಳು ಉಕ್ಕಿಗೆ. ಮೀಟರು 0.25 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಬೋಟಿಗೆ ರಕ್ಷಣೆ ಇದೆ. 0.4ರ ಆಸುಪಾಸಿಗೆ ಹೋದರೆ ಉಕ್ಕು ಒಂಟಿಯಾಗಿ ನಿಂತಿದೆ ಎಂದರ್ಥ. ತಿಂಗಳಿಗೊಮ್ಮೆ ಐದು ನಿಮಿಷದ ಕೆಲಸ ಇದು. ಬೋಟಿನಲ್ಲೇ ಇರುವ ಎಂಜಿನ್ ಡ್ರೈವರನಿಗೆ ಒಮ್ಮೆ ತೋರಿಸಿಕೊಟ್ಟರೆ ಅವನೇ ಮಾಡುತ್ತಾನೆ.

ಕಡಲು ಕಾಣದ ಊರಿನವರಿಗೆ ಹೇಳುತ್ತೇನೆಂದ ಸಂಗತಿ ಇದು. ನಿಮ್ಮ ಮನೆಯ ಬಚ್ಚಲಲ್ಲಿ ನೀರು ತುಂಬಿ ಕಾಯಿಸುವ ಗೀಸರ್ ಇದ್ದರೆ ಅದರ ಉಕ್ಕಿನ ತೊಟ್ಟಿಯೊಳಗೆ ಸಾಮಾನ್ಯವಾಗಿ ಒಂದು ಮೆಗ್ನೀಸಿಯಂ ಸರಳು ಇರುತ್ತದೆ. ಸಮಾರಂಗಿಗೆ ಕಟ್ಟಿದ ಕಬ್ಬಿಣದ ತುಂಡು ಮಾಡಿದ ಕೆಲಸವನ್ನೇ ಅದು ಅಲ್ಲಿ ಮಾಡುತ್ತಿದೆ. ಬೋರ್‌ವೆಲ್ಲಿನ ಉಪ್ಪಂಶದ ನೀರು ಬರುವ ಮನೆಗಳಲ್ಲಿ ಅದು ಬೇಗ ಕರಗುತ್ತದೆ. ಅದು ಮುಗಿದ ಮೇಲೆ ತೊಟ್ಟಿಯ ಸರದಿ. ಗೀಸರ್ ಸೋರಿದ ಮೇಲೆ ಹೊಸತು ಕೊಳ್ಳುವ ಬದಲು, ಸರ್ವಿಸಿಗೆ ಬಂದವರಿಗೆ “ಆನೋಡ್ ರಾಡ್ ತೆಗೆದು ತೋರಿಸಿ” ಎಂದು ಕೇಳಿ. ಸವೆದಿದ್ದರೆ ಆ ಸರಳೊಂದನ್ನೇ ಬದಲಿಸಬಹುದು.

ಬೋಟಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಈ ಸಲ ಬೋಟು ದಡಕ್ಕೆ ಬಂದಾಗ ಜಿಂಕನ್ನು ನೀವೇ ಕೈಯಿಟ್ಟು ನೋಡಿ. ಅರ್ಧ ಸವೆದಿದ್ದರೆ ಬದಲಿಸಿ, ಸವೆದೇ ಇಲ್ಲದಿದ್ದರೆ ಕಾರಣ ಹುಡುಕಿಸಿ. ಅದರ ಮೇಲೆ ಪೇಂಟ್ ಹೊಡೆಯಲು ಯಾರಿಗೂ ಬಿಡಬೇಡಿ.